ಟ್ರ್ಯಾಕ್ಟರ್ ದಿಢೀರನೆ ಬರುವುದಿಲ್ಲ

ಪ್ರಶ್ನೆ: ಒಂಬತ್ತು ವರ್ಷಗಳಿಂದ ಕೊಪ್ಪಳದಿಂದ ಗಿಣಿಗೇರಿಯ ಕಾರ್ಖಾನೆಗೆ ಕಾರಿನಲ್ಲಿ ಹೋಗಿ ಬರುತ್ತಿದ್ದೇನೆ. ರಸ್ತೆಯ ಪ್ರತಿಯೊಂದು ತಗ್ಗೂ ಗೊತ್ತು. ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಹೆದ್ದಾರಿಯಲ್ಲಿ ರಾಂಗ್ ಸೈಡಿನಿಂದ ಒಂದು ಟ್ರ್ಯಾಕ್ಟರ್ ದಿಢೀರನೆ ಎದುರಾಯಿತು. ಕೂದಲೆಳೆಯಲ್ಲಿ ಪಾರಾದೆ. ಇಷ್ಟು ಗೊತ್ತಿರುವ ರಸ್ತೆಯಲ್ಲಿ ಹೀಗೇಕಾಯಿತು?

ಉತ್ತರ: ಚಾಲನೆ ಕಲಿಸುವ ನನಗೆ ಈ ಪ್ರಶ್ನೆ ಹೊಸದಲ್ಲ. ಟ್ರ್ಯಾಕ್ಟರಿನ ಜಾಗದಲ್ಲಿ ಒಬ್ಬರು ಎಮ್ಮೆ ಎನ್ನುತ್ತಾರೆ, ಇನ್ನೊಬ್ಬರು ಕುರಿ ಹಿಂಡು ಎನ್ನುತ್ತಾರೆ. ‘ದಿಢೀರನೆ’ ಎಂಬ ಪದ ಮಾತ್ರ ಬದಲಾಗುವುದಿಲ್ಲ. ಆ ಪದವನ್ನು ಬಿಡಿಸುವುದೇ ನನಗೆ ದೊಡ್ಡ ಕೆಲಸವಾಗಿದೆ.

ತಪ್ಪು ಟ್ರ್ಯಾಕ್ಟರಿನವರದು, ಅದರಲ್ಲಿ ವಾದವಿಲ್ಲ. ಡಿವೈಡರ್ ಬಿಟ್ಟಿರುವ ಜಾಗ ದೂರವಿದೆ ಎಂದು ರಾಂಗ್ ಸೈಡಿನಲ್ಲಿ ಬರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಚಾಳಿ. ಆದರೆ ಅದು ದಿಢೀರನೆ ಬರಲಿಲ್ಲ. ಲೆಕ್ಕ ಹಾಕೋಣ. ನೀವು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 22 ಮೀಟರ್ ಸಾಗುತ್ತೀರಿ. 18 ಕಿ.ಮೀ. ವೇಗದ ಟ್ರ್ಯಾಕ್ಟರ್ 5 ಮೀಟರ್ ಬರುತ್ತದೆ. ಎರಡೂ ಸೇರಿ 27. ಅಂದರೆ ನಿಮಗೆ ಎದೆ ಧಸಕ್ಕೆನ್ನುವ ಹತ್ತು ಸೆಕೆಂಡು ಮೊದಲು ಅದು 270 ಮೀಟರ್ ದೂರದಲ್ಲಿತ್ತು. ನೇರ ರಸ್ತೆ, ಬಯಲು ಸೀಮೆ, ಅಡ್ಡ ಒಂದು ಮರವಿಲ್ಲ. 80ರ ವೇಗದಲ್ಲಿರುವ ಕಾರು, ಚಾಲಕ ಎಚ್ಚೆತ್ತುಕೊಳ್ಳುವ ಒಂದೂವರೆ ಸೆಕೆಂಡನ್ನೂ ಸೇರಿಸಿ, ಒಣ ಡಾಂಬರಿನ ಮೇಲೆ ಸುಮಾರು 70 ಮೀಟರಿನಲ್ಲಿ ನಿಲ್ಲುತ್ತದೆ. ಜಾಗ ಧಾರಾಳವಾಗಿತ್ತು. ಟ್ರ್ಯಾಕ್ಟರ್ ಬಂದದ್ದು ನಿಧಾನವಾಗಿ. ದಿಢೀರನೆ ಆದದ್ದು ನಿಮಗೆ ಅದರ ಅರಿವು.

‘ಇಲ್ಲ ಸರ್, ನಾನು ಮುಂದೆಯೇ ನೋಡುತ್ತಿದ್ದೆ’ ಎನ್ನುತ್ತೀರಿ. ನಂಬುತ್ತೇನೆ. ಒಂದು ಪರೀಕ್ಷೆ ಮಾಡಿ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ತಕ್ಷಣ ಬಲಗಣ್ಣನ್ನು ನೋಡಿ. ಕಣ್ಣು ಹೊರಳಿದ್ದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಕಣ್ಣು ಹೊರಳುವಷ್ಟು ಹೊತ್ತು ಮಿದುಳು ದೃಷ್ಟಿಯನ್ನು ಅದುಮಿಟ್ಟು, ಆ ಖಾಲಿಯನ್ನು ತಾನೇ ತುಂಬಿಕೊಳ್ಳುತ್ತದೆ. ತಿಂಗಳಿಗೆ ಐವತ್ತು ಸಲ ಓಡಾಡುವ ರಸ್ತೆಯಲ್ಲಿ ಮನಸ್ಸೂ ಇದೇ ಕೆಲಸ ಮಾಡುತ್ತದೆ: ನಿನ್ನೆಯ ರಸ್ತೆಯನ್ನೇ ಇಂದಿನದೆಂದು ಒಪ್ಪಿಕೊಳ್ಳುತ್ತದೆ. ನಿನ್ನೆ ಆ ಜಾಗದಲ್ಲಿ ಟ್ರ್ಯಾಕ್ಟರ್ ಇರಲಿಲ್ಲ. ಮನೆಯ ಗೇಟು ದಾಟಿದ್ದು ನೆನಪಿದೆ, ಕಾರ್ಖಾನೆಯ ಗೇಟಿನಲ್ಲಿ ನಿಂತದ್ದು ನೆನಪಿದೆ, ನಡುವೆ ಏನು ಕಂಡಿರಿ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಪ್ರತಿ ತಗ್ಗೂ ಗೊತ್ತು ಎಂದಿರಲ್ಲ, ಅಲ್ಲೇ ಇದೆ ತೊಂದರೆ. ತಗ್ಗು ನಿನ್ನೆ ಇದ್ದಲ್ಲೇ ಇರುತ್ತದೆ, ಟ್ರ್ಯಾಕ್ಟರ್ ಇರುವುದಿಲ್ಲ.

ಹಳ್ಳಿಯ ಅಡ್ಡರಸ್ತೆಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಮುಂದಿನ ಗಾಜಿನ ಪಕ್ಕದ ಕಂಬ ಒಂದು ಬೈಕನ್ನು ಇಡಿಯಾಗಿ ಮರೆಮಾಡಬಲ್ಲದು. ನಿಮಗೆ ಡಿಕ್ಕಿಯಾಗುವ ದಾರಿಯಲ್ಲಿ ಒಂದೇ ವೇಗದಲ್ಲಿ ಬರುತ್ತಿರುವ ಬೈಕು ಗಾಜಿನ ಮೇಲೆ ಒಂದೇ ಬಿಂದುವಿನಲ್ಲಿ ನಿಂತಂತಿರುತ್ತದೆ. ಆ ಬಿಂದು ಕಂಬದ ಹಿಂದಿದ್ದರೆ, ಕೊನೆಯವರೆಗೂ ಕಾಣುವುದಿಲ್ಲ. ಕೂಡುರಸ್ತೆಗೆ ಮುನ್ನ ತಲೆಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಾಡಿ ನೋಡಿ.

ನನ್ನ ವಿದ್ಯಾರ್ಥಿಗಳಿಗೆ ನಾನು ಬಾಯಿಬಿಟ್ಟು ಹೇಳುತ್ತಾ ಓಡಿಸುವುದನ್ನು ಕಲಿಸುತ್ತೇನೆ: ‘ಎಡಕ್ಕೆ ಹುಲ್ಲಿನ ಗಾಡಿ, ಮುಂದೆ ಲಾರಿ, ಅದರ ಬ್ರೇಕ್ ಲೈಟ್ ಉರಿಯುತ್ತಿಲ್ಲ.’ ಮೊದಲ ವಾರ ನಾಚುತ್ತಾರೆ. ಆಮೇಲೆ ನನಗಿಂತ ಮೊದಲೇ ಎಮ್ಮೆಯನ್ನು ಗುರುತಿಸುತ್ತಾರೆ. ಆಗ ನನಗಾಗುವ ಸಂತೋಷ ದೊಡ್ಡದು. ನೀವೂ ಒಂದು ವಾರ ಮಾಡಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಕೊಪ್ಪಳದಿಂದ ಗಿಣಿಗೇರಿ ಪೂರ್ವಕ್ಕಿದೆ. ಬೆಳಿಗ್ಗೆ ಹೋಗುವಾಗ ಸೂರ್ಯ ಕಣ್ಣಿಗೆ, ಸಂಜೆ ಮರಳುವಾಗಲೂ ಕಣ್ಣಿಗೆ. ಕಾರ್ಖಾನೆಯ ದೂಳು ಕೂತ ಗಾಜಿನ ಮೇಲೆ ಆ ಬೆಳಕು ಬಿದ್ದರೆ ಬಿಳಿ ಪರದೆ ಇಳಿಬಿಟ್ಟಂತೆ. ಗಾಜನ್ನು ಹೊರಗೆ ಒರೆಸುತ್ತೀರಿ, ಒಳಗೂ ಒರೆಸಿ. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವವರು ‘ನಮಗೆ ಎರಡು ಹೊತ್ತೂ ಸೂರ್ಯ ಬೆನ್ನಿಗೆ, ಚಿಂತೆಯಿಲ್ಲ’ ಎನ್ನುತ್ತಾರೆ. ಅವರಿಗೆ ಚಿಂತೆ ಇನ್ನೂ ಹೆಚ್ಚಿರಬೇಕು. ನಿಮ್ಮ ವಾಹನದ ನೆರಳು ಮುಂದಕ್ಕೆ ಉದ್ದವಾಗಿ ಬಿದ್ದಿದೆ ಎಂದರೆ ಎದುರಿನವನ ಕಣ್ಣಿಗೆ ಸೂರ್ಯ ಹೊಡೆಯುತ್ತಿದೆ, ಅವನಿಗೆ ನೀವು ಕಾಣುವುದು ಕಷ್ಟ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ತಾನಾಗಿಯೇ ಉರಿಯುವಂತೆ ಮಾಡಿದ್ದು ಇತರರಿಗೆ ಅವು ಕಾಣಲೆಂದೇ. ಅದನ್ನು ಕಂಡು ಕೈಸನ್ನೆ ಮಾಡಿ ‘ಲೈಟ್ ಆರಿಸು’ ಎನ್ನುವುದನ್ನು ದಯವಿಟ್ಟು ನಿಲ್ಲಿಸಿ. ನೆರಳು ಮುಂದೆ ಬಿದ್ದಾಗ ನಿಮ್ಮ ಕಾರಿನ ಲೈಟನ್ನೂ ಹಾಕಿಕೊಳ್ಳಿ.