ನೀಲಿ ಪರದೆ ಕೇಳುವುದು ನಿಮ್ಮ ಪಾಸ್‌ವರ್ಡ್ ಅಲ್ಲ

"ಪಾಸ್‌ವರ್ಡ್ ಬಾಯಿಪಾಠ ಐತ್ರಿ ಸರ, ಹಾಕಿದ್ರೂ ತಗೊಳವಲ್ದು." ರಾಯಚೂರಿನ ನನ್ನ ಸರ್ವಿಸ್ ಅಂಗಡಿಗೆ ನೀಲಿ ಪರದೆಯ ಲ್ಯಾಪ್‌ಟಾಪ್ ಹಿಡಿದು ಬರುವವರೆಲ್ಲ ಹೇಳುವುದು ಇದನ್ನೇ.

ಆ ಪರದೆಯಲ್ಲಿ ಬಿಟ್‌ಲಾಕರ್, ಅಂದರೆ ವಿಂಡೋಸ್‌ನ ಡಿಸ್ಕ್ ಬೀಗ, ಕೇಳುತ್ತಿರುವುದು 48 ಅಂಕಿಗಳ ರಿಕವರಿ ಕೀ. ದಿನಾ ಹಾಕುವ ಪಾಸ್‌ವರ್ಡ್, ಪಿನ್ ವಿಂಡೋಸ್ ಶುರುವಾದ ಮೇಲಿನ ಮಾತು. ಇದು ಅದಕ್ಕೂ ಮುಂಚಿನದು. ನಿಮ್ಮ ಡಿಸ್ಕ್‌ನಲ್ಲಿರುವುದೆಲ್ಲ ಗೂಢಲಿಪಿ. ಅದನ್ನು ಬಿಡಿಸುವ ಕೀಲಿ ಮದರ್‌ಬೋರ್ಡ್‌ನ ಟಿಪಿಎಂ ಚಿಪ್‌ನ ವಶದಲ್ಲಿದೆ. ಆನ್ ಮಾಡಿದಾಗ ಬೂಟ್‌ನ, ಅಂದರೆ ಮಷೀನು ಶುರುವಾಗುವ ಹಂತಗಳ ಗುರುತು ಮೊದಲಿನಂತೆಯೇ ತಾಳೆಯಾದರೆ ಮಾತ್ರ ಚಿಪ್ ಕೀಲಿ ಬಿಡುತ್ತದೆ. ಬಯೋಸ್ (ಮಷೀನು ಎಬ್ಬಿಸುವ ಮೊದಲ ಪ್ರೋಗ್ರಾಂ) ಅಪ್‌ಡೇಟ್ ಮಾಡಿದರೆ, ಸೆಕ್ಯೂರ್ ಬೂಟ್ (ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬಿಡುವ ಕಾವಲು) ಆಫ್ ಮಾಡಿದರೆ ತಾಳೆ ತಪ್ಪಿ ಈ ನೀಲಿ ಪರದೆ ಬರಬಹುದು. ಬೋರ್ಡ್ ಬದಲಿಸಿದರಂತೂ ಚಿಪ್ಪೇ ಹೊಸದು.

"ಡಿಸ್ಕ್ ಬಿಚ್ಚಿ ಬ್ಯಾರೆ ಮಷೀನಿಗೆ ಹಾಕ್ರಿ" ಎನ್ನುತ್ತಾರೆ. ಹಾಕಬಹುದು, ಅಲ್ಲೂ ಅದೇ 48 ಅಂಕಿ ಕೇಳುತ್ತದೆ. ಕದ್ದವನ ಕೈಗೆ ಏನೂ ಸಿಗಬಾರದೆಂದೇ ಈ ಏರ್ಪಾಡು. ಕೀ ಇಲ್ಲದೆ ನನ್ನಿಂದ ಆಗದು, ನೀವು ಹೈದರಾಬಾದಿಗೆ ಒಯ್ದರೂ ಆಗದು. ದಯವಿಟ್ಟು ಆ ಖರ್ಚು ಮಾಡಬೇಡಿ.

"ನಾ ಲಾಕ್ ಹಾಕೇ ಇಲ್ರಿ" ಎನ್ನುವವರ ಮಾತೂ ನಿಜವೇ. ಹೊಸ ಲ್ಯಾಪ್‌ಟಾಪ್‌ಗಳ ಮೊದಲ ಸೆಟಪ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದೊಡನೆ ಇದು ತಾನಾಗಿ ಚಾಲೂ ಆಗುವುದುಂಟು. 2024ರ ವಿಂಡೋಸ್ 11 24ಎಚ್2 ಆವೃತ್ತಿ ಬಂದ ಮೇಲೆ ಇನ್ನೂ ಹೆಚ್ಚು. ಕೀ ಸಾಮಾನ್ಯವಾಗಿ ಆ ಅಕೌಂಟ್‌ನಲ್ಲೇ ಇರುತ್ತದೆ. ಆದರೆ ಆ ಅಕೌಂಟ್ ಯಾರದು? ಎಷ್ಟೋ ಸಲ ಮಾರಿದ ಅಂಗಡಿಯ ಹುಡುಗ ತನ್ನ ಇಮೇಲ್ ಹಾಕಿಕೊಟ್ಟಿರುತ್ತಾನೆ.

ಗಂಗಾವತಿಯ ರೈಸ್‌ಮಿಲ್ ಗುಮಾಸ್ತರೊಬ್ಬರ ಲ್ಯಾಪ್‌ಟಾಪ್ ಬೋರ್ಡ್ ಸುಗ್ಗಿಯ ಹೊತ್ತಿಗೆ ವೋಲ್ಟೇಜ್ ಏರಿಳಿತಕ್ಕೆ ಸುಟ್ಟಿತ್ತು. ಭತ್ತ ಹಾಕಿದ ರೈತರ ಬಾಕಿಯೆಲ್ಲ ಅದರೊಳಗಿನ ಟ್ಯಾಲಿಯಲ್ಲಿ. ಪಾಪ, ಎರಡು ದಿನದಿಂದ ಊಟ ಸೇರಿರಲಿಲ್ಲವಂತೆ. ತನ್ನ ಅಕೌಂಟ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದ ಸೋದರಳಿಯ ಬೆಂಗಳೂರಿನಿಂದ ಫೋನಿನಲ್ಲಿ ಅಂಕಿ ಓದಿದ, ಇವರು ಒಂದೊಂದೇ ಒತ್ತಿದರು, ಡಿಸ್ಕ್ ತೆರೆಯಿತು. ಅವನು ಆ ಅಕೌಂಟ್ ಅಳಿಸಿಬಿಟ್ಟಿದ್ದರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಹೆದರಿ ಎನ್‌ಕ್ರಿಪ್ಷನ್, ಅಂದರೆ ಈ ಗೂಢಲಿಪಿ ಬೀಗ, ತೆಗೆಸಬೇಡಿ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದ ದಿನ ಆ ಬೀಗದ ಬೆಲೆ ಗೊತ್ತಾಗುತ್ತದೆ. ಮಷೀನು ಸರಿ ಇರುವಾಗಲೇ ಕೀ ಪ್ರಿಂಟ್ ತೆಗೆದು ಪಹಣಿ, ಪಾಸ್‌ಬುಕ್ ಇಡುವ ಕಡೆ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ. ಬಯೋಸ್ ಅಪ್‌ಡೇಟ್‌ಗೆ ಮುಂಚೆ ಬಿಟ್‌ಲಾಕರ್ ಸಸ್ಪೆಂಡ್ (ತಾತ್ಕಾಲಿಕ ತಡೆ) ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೀ ಐಟಿಯವರ ಹತ್ತಿರ ಇರಬಹುದು, ನನ್ನ ಹತ್ತಿರ ಬರುವ ಮುಂಚೆ ಅವರನ್ನು ಕೇಳಿ.