ದೊಡ್ಡ ಗಂಟು ಮೊಡವೆ: ತಾನಾಗೇ ಹೋಗಲಿ ಅಂತ ಕಾಯಬೇಕಾ?

ಪ್ರಶ್ನೆ: ನನಗೆ 19 ವರ್ಷ. ಕೆನ್ನೆ, ಗಲ್ಲ, ಬೆನ್ನಿನ ತುಂಬಾ ಗಂಟಿನಂಥ ಮೊಡವೆಗಳಿವೆ. ಮುಟ್ಟಿದರೆ ನೋವು. ದಿನಕ್ಕೆ ನಾಲ್ಕೈದು ಸಲ ಮುಖ ತೊಳೆದರೂ ಕಡಿಮೆಯಾಗಿಲ್ಲ. "ವಯಸ್ಸಿನದ್ದು, ತಾನಾಗೇ ಹೋಗುತ್ತೆ" ಅಂತ ಮನೆಯಲ್ಲಿ ಹೇಳುತ್ತಾರೆ. ಕಾಯಲಾ, ಡಾಕ್ಟರ ಹತ್ತಿರ ಹೋಗಲಾ?

ಉತ್ತರ: ಕಾಯಬೇಡಿ. ಇದೇ ವಾರ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಮನೆಯವರು ಹೇಳುವುದು ಸಣ್ಣ ಮೊಡವೆಯ ಮಟ್ಟಿಗೆ ಎಷ್ಟೋ ಸಲ ನಿಜ. ನಿಮ್ಮದು ಬೇರೆ ಥರದ್ದು. ಚರ್ಮದ ಆಳದಲ್ಲಿ ಊತ ಬಂದು, ಗಂಟು ಕಟ್ಟಿ, ಕೀವು ತುಂಬಿದಾಗ ಅಲ್ಲಿನ ಚರ್ಮವೇ ಹಾಳಾಗುತ್ತದೆ. ಮೊಡವೆ ಒಂದಲ್ಲ ಒಂದು ದಿನ ಹೋಗಬಹುದು, ಆದರೆ ಅದು ಬಿಟ್ಟುಹೋದ ಗುಳಿ ಹೋಗುವುದಿಲ್ಲ. ಬೆನ್ನು, ಎದೆಯ ಮೇಲೆ ಕೆಲವರಿಗೆ ಉಬ್ಬಿದ ಗಾಯದ ಗುರುತು ಉಳಿಯುತ್ತದೆ. ಎಷ್ಟು ಬೇಗ ಊತ ತಡೆಯುತ್ತೀರೋ ಅಷ್ಟು ಚರ್ಮ ಉಳಿಯುತ್ತದೆ.

ಇದು ಕೊಳೆಯಿಂದ ಬರುವ ಕಾಯಿಲೆ ಅಲ್ಲ. ಹರೆಯದಲ್ಲಿ ಆಂಡ್ರೊಜೆನ್ ಹಾರ್ಮೋನ್ ಜಾಸ್ತಿಯಾಗಿ, ಚರ್ಮದ ಎಣ್ಣೆ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಕೂದಲ ಬುಡದ ಸಣ್ಣ ರಂಧ್ರದಲ್ಲಿ ಸತ್ತ ಚರ್ಮ ಅಂಟಿಕೊಂಡು ಬಾಯಿ ಮುಚ್ಚುತ್ತದೆ. ಒಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಮೇಲೆ ದೇಹ ತಿರುಗಿಬಿದ್ದಾಗ ಊತ, ನೋವು, ಕೀವು. ತುಂಬಿದ ರಂಧ್ರ ಒಳಗೇ ಒಡೆದರೆ ಗಂಟು. ಅಪ್ಪ, ಅಮ್ಮನಿಗೆ ಹೀಗೇ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ. ಇಷ್ಟೆಲ್ಲಾ ನಡೆಯುವುದು ಸೋಪು ಮುಟ್ಟದ ಜಾಗದಲ್ಲಿ. ಹಾಗಾಗಿ ದಿನಕ್ಕೆ ಎರಡು ಸಲ ಮೆತ್ತಗಿನ ಫೇಸ್‌ವಾಶ್ ಸಾಕು. ಉಜ್ಜಿ ಉಜ್ಜಿ ತೊಳೆದರೆ ಚರ್ಮ ಕೆರಳುತ್ತದೆ. ಗಂಟುಗಳನ್ನಂತೂ ಹಿಸುಕಲೇಬೇಡಿ, ಕೀವು ಇನ್ನೂ ಆಳಕ್ಕೆ ಹೋಗುತ್ತದೆ.

ಡಾಕ್ಟರು ಏನು ಕೊಡಬಹುದು? ಬೆಂಝಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಥರದ ಕ್ರೀಮುಗಳ ಜೊತೆ ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್ ಮಾತ್ರೆ ಕೊಡುವುದುಂಟು. ಇದನ್ನು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗಿಂತ ಜಾಸ್ತಿ ಎಳೆಯುವುದಿಲ್ಲ. ಎರಡು ವಾರಕ್ಕೇ ಫಲ ಕಾಣಲಿಲ್ಲ ಅಂತ ಬಿಡಬೇಡಿ, ಎಂಟರಿಂದ ಹನ್ನೆರಡು ವಾರ ಬೇಕು. ತುಂಬಾ ನೋಯುವ ಒಂದೆರಡು ಗಂಟುಗಳಿಗೆ ನೇರವಾಗಿ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಆದರೆ ಯಾರೋ ಹೇಳಿದರು ಅಂತ ಸ್ಟಿರಾಯ್ಡ್ ಕ್ರೀಂ ತಂದು ಮುಖಕ್ಕೆ ಹಚ್ಚುವುದು ಬೇರೆ ಮಾತು. ಅದರಿಂದ ಚರ್ಮ ತೆಳ್ಳಗಾಗುತ್ತದೆ, ಹೊಸ ಮೊಡವೆ ಏಳುತ್ತವೆ. ಹುಡುಗಿಯರಿಗೆ ಮುಟ್ಟು ಏರುಪೇರಾಗಿದ್ದು, ಮುಖದಲ್ಲಿ ಕೂದಲೂ ಜಾಸ್ತಿಯಾಗಿದ್ದರೆ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರಿನ ತೊಂದರೆ) ಇದೆಯಾ ಅಂತ ನೋಡಬೇಕಾಗುತ್ತದೆ. ಆಗ ಹಾರ್ಮೋನ್ ಚಿಕಿತ್ಸೆ ಕೆಲಸಕ್ಕೆ ಬರುತ್ತದೆ.

ಇಂಥ ಮೊಡವೆಗೆ ಇರುವ ಎಲ್ಲಕ್ಕಿಂತ ಪರಿಣಾಮಕಾರಿ ಔಷಧಿ ಐಸೊಟ್ರೆಟಿನೊಯಿನ್. ವಿಟಮಿನ್ ಎ ಕುಲದ ಈ ಮಾತ್ರೆಗೆ ಅಮೆರಿಕದಲ್ಲಿ 1982ರಲ್ಲೇ ಅನುಮತಿ ಸಿಕ್ಕಿತು. ಎಣ್ಣೆ ಗ್ರಂಥಿಗಳನ್ನೇ ಇದು ಕುಗ್ಗಿಸುತ್ತದೆ. ದೇಹದ ತೂಕ ನೋಡಿ, ಕಿಲೋಗೆ ದಿನಕ್ಕೆ 0.5ರಿಂದ 1 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವುದು ರೂಢಿ. ಐದಾರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಊಟದ ಜೊತೆ ತಗೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮೊದಲ ವಾರಗಳಲ್ಲಿ ಮೊಡವೆ ಕೆರಳುವುದುಂಟು, ಹೆದರಬೇಡಿ, ಆದರೆ ಡಾಕ್ಟರಿಗೆ ಹೇಳಿ. ಒಂದು ಕೋರ್ಸ್ ಮುಗಿದ ಮೇಲೆ ಬಹಳ ಜನರಿಗೆ ಮೊಡವೆ ವರ್ಷಗಟ್ಟಲೆ ಮರಳುವುದಿಲ್ಲ.

ಈ ಮಾತ್ರೆಯಿಂದ ತುಟಿ ಒಡೆಯುವುದು ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತದೆ. ಕಣ್ಣು, ಮೂಗು ಒಣಗುತ್ತವೆ, ಮೈಕೈ ನೋಯಬಹುದು. ಲಿವರ್, ಕೊಬ್ಬಿನ ಅಂಶ ನೋಡಲು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಇವೆಲ್ಲಾ ಸಂಭಾಳಿಸಬಹುದಾದವು. ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿಯೇ ಇಲ್ಲ: ಗರ್ಭಿಣಿಯರು ಈ ಮಾತ್ರೆ ತಗೊಳ್ಳಲೇಬಾರದು. ಮಗುವಿಗೆ ಹುಟ್ಟಿನಿಂದಲೇ ಗಂಭೀರ ದೋಷಗಳು ಬರುತ್ತವೆ. ಶುರು ಮಾಡುವ ಒಂದು ತಿಂಗಳ ಮೊದಲಿನಿಂದ ನಿಲ್ಲಿಸಿದ ಒಂದು ತಿಂಗಳವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಗಂಡು, ಹೆಣ್ಣು ಯಾರೇ ಆಗಲಿ, ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗುವವರೆಗೆ ರಕ್ತದಾನ ಮಾಡುವಂತಿಲ್ಲ. ಐಸೊಟ್ರೆಟಿನೊಯಿನ್ ತಗೊಳ್ಳುವಾಗ ಅದರ ಜೊತೆಗೆ ವಿಟಮಿನ್ ಎ ಮಾತ್ರೆ, ಡಾಕ್ಸಿಸೈಕ್ಲಿನ್ ಕೂಡದು. ಗೆಳೆಯರ ಚೀಟಿ ತೋರಿಸಿ ಇದನ್ನು ಕೊಳ್ಳುವ ಯೋಚನೆಯನ್ನೇ ಬಿಡಿ.

ಮನಸ್ಸಿನ ಮಾತನ್ನೂ ಕೇಳಬೇಕು ಅಲ್ವಾ? ಇಂಥ ಮೊಡವೆ ಇರುವವರು ಕನ್ನಡಿ, ಫೋಟೊ, ಜನ ಎಲ್ಲದರಿಂದ ದೂರ ಸರಿಯುವುದನ್ನು ಯಾರೂ ಸಣ್ಣದೆಂದು ನೋಡಬಾರದು. ಈಗಾಗಲೇ ಮನಸ್ಸು ಕುಗ್ಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಐಸೊಟ್ರೆಟಿನೊಯಿನ್ ಶುರುವಾದ ಮೇಲೆ ಹಾಗೆ ಅನಿಸಿದರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ. ಮೊಡವೆಯ ಜೊತೆ ಜ್ವರ, ಕೀಲು ನೋವು ಬಂದು, ಗಂಟುಗಳು ಹುಣ್ಣಾಗತೊಡಗಿದರೆ ಅವತ್ತೇ ಹೋಗಿ.

ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಟ್ಯೂಬುಗಳು, ನುಂಗಿದ ಮಾತ್ರೆಗಳನ್ನೆಲ್ಲ ಒಯ್ಯಿರಿ. ಜಿಮ್‌ಗೆ ಹೋಗುತ್ತಿದ್ದು ಪ್ರೋಟೀನ್ ಪುಡಿ, ಸ್ಟಿರಾಯ್ಡ್ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಮೊಡವೆ ಪೂರ್ತಿ ಹತೋಟಿಗೆ ಬಂದ ಮೇಲೆ, ಈಗಾಗಲೇ ಬಿದ್ದಿರುವ ಗುಳಿಗಳಿಗೆ ಲೇಸರ್, ಮೈಕ್ರೊನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಚಿಕಿತ್ಸೆ) ಬಗ್ಗೆ ಕೇಳಿ. ಗುಳಿಗಳ ಆಳ ಕಡಿಮೆಯಾಗುತ್ತದೆ.