ಓದುಗರ ಪ್ರಶ್ನೆ: ದಪ್ಪ ಉಲ್ಲನ್‌ನಲ್ಲೇ ಹೆಣೆದರೂ ಟೋಪಿಯೊಳಗೆ ಗಾಳಿ ನುಗ್ಗುತ್ತದಲ್ಲ, ಯಾಕೆ?

"ಅಕ್ಕಾ, ನಮ್ಮದು ಗೌರಿಬಿದನೂರಿನ ಹತ್ತಿರ ಒಂದು ಹಳ್ಳಿ. ನಮ್ಮನೆಯವರು ಬೆಳಗ್ಗೆ ಐದೂವರೆಗೆಲ್ಲ ಗಾಡಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುತ್ತಾರೆ. ಈ ಸಲ ಚಳಿ ಜಾಸ್ತಿ ಅಂತ ನಾನೇ ಅವರಿಗೆ ಒಂದು ಟೋಪಿ, ಒಂದು ಮಫ್ಲರ್ ಹೆಣೆದೆ. ದಪ್ಪ ಉಲ್ಲನ್ನೇ ತಂದಿದ್ದೆ. ಕಡ್ಡಿ ತೆಳ್ಳಗಿರಲಿ ಅಂತ ಆರನೇ ನಂಬರ್ ಕೇಳಿ ತಗೊಂಡೆ. ನೋಡೋಕೆ ಚೆನ್ನಾಗಿದೆ. ಆದರೆ ಅವರು 'ಹಾಕಿಕೊಂಡರೂ ಒಂದೇ, ಬಿಟ್ಟರೂ ಒಂದೇ, ಕಿವಿ ಕೊರೆಯುತ್ತೆ' ಅನ್ನುತ್ತಾರೆ. ಇನ್ನೂ ದಪ್ಪ ಉಲ್ಲನ್ ತರಬೇಕಾ?"

ಬೇಡ. ಉಲ್ಲನ್ ಬದಲಾಯಿಸಬೇಡಿ, ಕಡ್ಡಿ ಬದಲಾಯಿಸಿ.

ಮೊದಲು ಒಂದು ಕೆಲಸ ಮಾಡಿ. ಆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಗೆ ಹಾಕಿದಾಗ ಎಷ್ಟು ಅಗಲವಾಗುತ್ತದೋ ಅಷ್ಟೇ ಎಳೆದು, ಕಿಟಕಿಯ ಬೆಳಕಿಗೆ ಅಡ್ಡ ಹಿಡಿಯಿರಿ. ಕುಣಿಕೆ ಕುಣಿಕೆಯ ಮಧ್ಯೆ ಜರಡಿಯ ಹಾಗೆ ಬೆಳಕು ಕಾಣುತ್ತದೆಯಾ? ಹಾಗಾದರೆ ಗಾಳಿ ಬರುತ್ತಿರುವುದೂ ಅಲ್ಲಿಂದಲೇ. ದಾರ ಎಷ್ಟೇ ದಪ್ಪ ಇರಲಿ, ತೂತು ದೊಡ್ಡದಾಗಿದ್ದರೆ ಬೆಚ್ಚಗಾಗುವುದಿಲ್ಲ.

ಯಾಕೆ ಅಂದರೆ ಉಲ್ಲನ್ ತಾನಾಗಿ ಬಿಸಿ ಕೊಡುವುದಿಲ್ಲ. ಬಿಸಿ ನಮ್ಮ ಮೈಯದು. ದಾರದ ಎಳೆಗಳ ನಡುವೆ ಒಂದಿಷ್ಟು ಗಾಳಿ ಸಿಕ್ಕಿಕೊಂಡಿರುತ್ತದೆ, ಅದು ಅಲ್ಲಾಡದೆ ನಿಂತಿದ್ದರೆ ಮೈ ಬಿಸಿ ಹೊರಗೆ ಹೋಗುವುದು ನಿಧಾನವಾಗುತ್ತದೆ, ಅಷ್ಟೇ. ಮನೆಯೊಳಗೆ ಕೂತಾಗ ನಿಮ್ಮ ಟೋಪಿ ಬೆಚ್ಚಗೇ ಇರುತ್ತದೆ, ಬೇಕಾದರೆ ಅವರನ್ನೇ ಕೇಳಿ ನೋಡಿ. ಗಾಡಿ ಹತ್ತಿ ಮೂವತ್ತು ನಲವತ್ತರ ವೇಗದಲ್ಲಿ ಹೊರಟ ಕೂಡಲೇ ಎದುರುಗಾಳಿ ಆ ತೂತುಗಳಲ್ಲಿ ನುಗ್ಗಿ, ಒಳಗೆ ನಿಂತಿದ್ದ ಬೆಚ್ಚನೆ ಗಾಳಿಯನ್ನು ಹೊರಗೆ ತಳ್ಳಿಬಿಡುತ್ತದೆ. ನಮ್ಮ ಚಿಕ್ಕಬಳ್ಳಾಪುರದ ಕಡೆ ಹಿಮವೇನೂ ಬೀಳುವುದಿಲ್ಲ. ಡಿಸೆಂಬರ್ ಜನವರಿಯ ಬೆಳಗಿನ ಜಾವ ಹದಿನೈದು ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳು ಇರುತ್ತವೆ, ನಂದಿ ಬೆಟ್ಟ ಎದುರಿಗೇ ಇದ್ದರೂ ಕಾಣದಷ್ಟು ಮಂಜು ಇರುತ್ತದೆ. ಈ ಚಳಿಗೆ ಮಣಭಾರದ ಉಡುಪು ಬೇಕಿಲ್ಲ. ಕಿವಿ, ಕುತ್ತಿಗೆ, ಬೆರಳು ಇಷ್ಟಕ್ಕೆ ಗಾಳಿ ತಾಗದಿದ್ದರೆ ಸಾಕು.

ಕುರಿ ಕಾಯುವವರ ಕರಿ ಕಂಬಳಿ ನೋಡಿದ್ದೀರಲ್ಲ. ಅದನ್ನು ಒತ್ತಾಗಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡುತ್ತಾರೆ. ಕೊಪ್ಪೆ ಹಾಕಿಕೊಂಡು ನಿಂತರೆ ಜಡಿಮಳೆಯೂ ಬೇಗ ಒಳಗೆ ಇಳಿಯುವುದಿಲ್ಲ. ಅಷ್ಟು ಗಟ್ಟಿ ನಮ್ಮ ಟೋಪಿಗೆ ಬೇಡ, ತಲೆ ಕೆರೆಯುತ್ತದೆ. ಆದರೆ ಒತ್ತಾಗಿರಬೇಕು ಅನ್ನುವುದನ್ನು ಅಲ್ಲಿಂದ ಕಲಿಯಬಹುದು.

ಈಗ ಕಡ್ಡಿಯ ವಿಷಯ. ನೀವು ಆರನೇ ನಂಬರ್ ತೆಳ್ಳಗಿರುತ್ತದೆ ಅಂದುಕೊಂಡಿರಿ. ತುಂಬಾ ಜನ ಹಾಗೇ ಅಂದುಕೊಳ್ಳುತ್ತಾರೆ, ಹೇಳಿಕೊಡುವವರು ಪಕ್ಕದಲ್ಲಿ ಇಲ್ಲದಿದ್ದರೆ ಗೊತ್ತಾಗುವುದೂ ಇಲ್ಲ. ನಮ್ಮ ಅಂಗಡಿಗಳಲ್ಲಿ ಈಗಲೂ ನಡೆಯುವುದು ಇಂಗ್ಲೆಂಡಿನ ಹಳೇ ಲೆಕ್ಕ. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಆರನೇ ನಂಬರ್ ಅಂದರೆ 5 ಮಿಲಿಮೀಟರ್ ದಪ್ಪ. ಎಂಟು ಅಂದರೆ 4, ಒಂಬತ್ತು ಅಂದರೆ 3.75, ಹತ್ತು ಅಂದರೆ 3.25, ಹನ್ನೆರಡು ಅಂದರೆ 2.75. ಈಗ ಬರುವ ಕೆಲವು ಕಡ್ಡಿಗಳ ಮೇಲೆ ಮಿಲಿಮೀಟರ್ ಮಾತ್ರ ಬರೆದಿರುತ್ತದೆ, ಅದು ನೇರ ಲೆಕ್ಕ, ಸಂಖ್ಯೆ ಹೆಚ್ಚಾದರೆ ಕಡ್ಡಿಯೂ ದಪ್ಪ. ಎರಡೂ ಒಂದೇ ಅಂಗಡಿಯಲ್ಲಿ ಒಂದೇ ಡಬ್ಬದಲ್ಲಿ ಇರುತ್ತವೆ! ಹಾಗಾಗಿ ಬರೀ "ಆರು ಕೊಡಿ" ಅನ್ನಬೇಡಿ. ನಂಬರಾ, ಮಿಲಿಮೀಟರಾ ಅಂತ ಕೇಳಿ, ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ.

ನಿಮ್ಮ ದಾರ ಸಾಮಾನ್ಯವಾಗಿ ಸಿಗುವ ಡಬಲ್ ನಿಟ್ ದಪ್ಪದ್ದೇ ಇರಬೇಕು. ಅದಕ್ಕೆ ಎಂಟನೇ ನಂಬರ್ ಕಡ್ಡಿ ಸರಿ, ಹತ್ತು ಸೆಂಟಿಮೀಟರ್ ಅಗಲಕ್ಕೆ ಸುಮಾರು 22 ಕುಣಿಕೆ ಬರುತ್ತವೆ. ಬೆಳಗಿನ ಗಾಳಿಯಲ್ಲಿ ಗಾಡಿ ಓಡಿಸುವವರಿಗಾದರೆ ನಾನು ಒಂದು ನಂಬರ್ ಸಣ್ಣದು, ಅಂದರೆ ಒಂಬತ್ತನೆಯದನ್ನು ಹಿಡಿಯುತ್ತೇನೆ. ಕೆಲಸ ಒಂದೆರಡು ಸಂಜೆ ಜಾಸ್ತಿಯಾಗುತ್ತದೆ. ಆಗಲಿ. ಇನ್ನೂ ತೆಳ್ಳಗಿನ ನಾಲ್ಕೆಳೆ ಉಲ್ಲನ್ ಆದರೆ ಹತ್ತನೇ ನಂಬರ್, ಹತ್ತು ಸೆಂಟಿಮೀಟರಿಗೆ 28ರ ಆಸುಪಾಸು.

ಈ ಲೆಕ್ಕವನ್ನು ನನ್ನ ಮಾತಿನ ಮೇಲೆ ನಂಬಬೇಡಿ, ನಿಮ್ಮ ಕೈಯ ಬಿಗಿ ನಿಮ್ಮದು. ನಾನು ಬಿಗಿಯಾಗಿ ಹೆಣೆಯುತ್ತೇನೆ, ನಮ್ಮ ಅತ್ತಿಗೆ ಸಡಿಲವಾಗಿ ಹೆಣೆಯುತ್ತಾರೆ, ಒಂದೇ ದಾರ ಒಂದೇ ಕಡ್ಡಿ ಕೊಟ್ಟರೂ ಇಬ್ಬರ ಟೋಪಿ ಎರಡು ಅಳತೆಗೆ ಬರುತ್ತವೆ. ಅದಕ್ಕೇ ಮೊದಲು ಒಂದು ಸಣ್ಣ ತುಂಡು ಹೆಣೆಯಬೇಕು. ಮೂವತ್ತು ಕುಣಿಕೆ ಹಾಕಿಕೊಂಡು, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಮಾಡುತ್ತಾ ಅಂಗೈಯಷ್ಟು ಎತ್ತರ ಬರುವ ತನಕ ಹೆಣೆಯಿರಿ. ಮೇಜಿನ ಮೇಲೆ ಎಳೆಯದೆ ಹಾಸಿ. ಅಂಚು ಬಿಟ್ಟು ಮಧ್ಯದಲ್ಲಿ ಸ್ಕೇಲ್ ಇಟ್ಟು, ಹತ್ತು ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ ಇವೆ ಅಂತ ಸೂಜಿಯ ತುದಿಯಿಂದ ಒಂದೊಂದಾಗಿ ಎಣಿಸಿ. ಅರ್ಧ ಗಂಟೆಯ ಕೆಲಸ. ಇದನ್ನು ಬಿಟ್ಟು ನೇರ ಟೋಪಿಗೆ ಕೈ ಹಾಕಿದರೆ, ಸುತ್ತಳತೆ ತಪ್ಪಿದೆ ಅಂತ ಗೊತ್ತಾಗುವುದು ಮುಕ್ಕಾಲು ಮುಗಿದ ಮೇಲೆ.

ಇಲ್ಲೊಂದು ಮುಖ್ಯವಾದ ಮಾತು ಹೇಳಬೇಕು. ನಿಮ್ಮನೆಯವರು ಗಾಡಿ ಓಡಿಸುವಾಗ ಉಲ್ಲನ್ ಟೋಪಿ ಹಾಕಿಕೊಂಡು ಹೋಗುತ್ತಾರೆ ಅಂದರೆ ಹೆಲ್ಮೆಟ್ ಹಾಕುತ್ತಿಲ್ಲ, ಇಲ್ಲವೇ ಟೋಪಿಯ ಮೇಲೆ ಹೆಲ್ಮೆಟ್ ಹಾಕುತ್ತಿದ್ದಾರೆ. ಎರಡೂ ಬೇಡ. ದಪ್ಪ ಟೋಪಿಯ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ಜಾರಿಬಿಡಬಹುದು. ಮಫ್ಲರ್ ತುದಿ ಇಳಿಬಿಟ್ಟುಕೊಂಡು ಹೋಗುವುದೂ ಅಪಾಯ, ದುಪಟ್ಟಾ ಚಕ್ರಕ್ಕೆ ಸಿಕ್ಕುವ ಹಾಗೇ ಅದೂ ಸಿಕ್ಕುತ್ತದೆ. ಗಾಡಿಯವರಿಗೆ ನಾನು ಹೆಣೆದುಕೊಡುವುದು ತುದಿಯೇ ಇಲ್ಲದ ಕುತ್ತಿಗೆ ಪಟ್ಟಿ. ತಲೆಯ ಮೇಲಿಂದ ಇಳಿಸಿಕೊಂಡರೆ ಕುತ್ತಿಗೆಗೆ ಕೂರುತ್ತದೆ, ಮೇಲೆಳೆದರೆ ಮೂಗು, ಗಲ್ಲದ ತನಕ ಮುಚ್ಚುತ್ತದೆ. ತಲೆ, ಕಿವಿಯನ್ನು ಹೆಲ್ಮೆಟ್ಟೇ ನೋಡಿಕೊಳ್ಳುತ್ತದೆ. ಟೋಪಿ ಮನೆ ಹತ್ತಿರ ಹಾಲು ಕರೆಯುವಾಗ, ಹೂ ಬಿಡಿಸುವಾಗ, ತೋಟಕ್ಕೆ ನೀರು ಕಟ್ಟುವಾಗ ಇರಲಿ.

ಆ ಪಟ್ಟಿ ಹೆಣೆಯುವುದು ಟೋಪಿಗಿಂತ ಸುಲಭ. ತಲೆಯ ಸುತ್ತಳತೆ ತಗೊಳ್ಳಿ, ದೊಡ್ಡವರದು ಸಾಮಾನ್ಯವಾಗಿ 54ರಿಂದ 58 ಸೆಂಟಿಮೀಟರ್ ಇರುತ್ತದೆ. 56 ಅಂತ ಇಟ್ಟುಕೊಳ್ಳೋಣ. ನಿಮ್ಮ ತುಂಡಿನಲ್ಲಿ ಹತ್ತು ಸೆಂಟಿಮೀಟರಿಗೆ 24 ಕುಣಿಕೆ ಬಂದಿದ್ದರೆ, 56ಕ್ಕೆ 134. ಅಷ್ಟು ಕುಣಿಕೆ ಹಾಕಿಕೊಂಡು ಎರಡು ಸೀದಾ, ಎರಡು ಉಲ್ಟಾ ಮಾಡುತ್ತಾ ಹೋಗಿ. ಸಾಲು ಎರಡು ಸೀದಾದಲ್ಲೇ ಮುಗಿಯುತ್ತದೆ. ತಿರುಗಿಸಿದ ಮೇಲೆ ಎದುರಿಗೆ ಸೀದಾ ಕಂಡದ್ದನ್ನು ಸೀದಾ, ಉಲ್ಟಾ ಕಂಡದ್ದನ್ನು ಉಲ್ಟಾ ಹೆಣೆದರೆ ಆಯಿತು, ಲೆಕ್ಕ ಇಡುವ ತಲೆನೋವಿಲ್ಲ. ಈ ಹೆಣಿಗೆ ಸುಮ್ನೆ ಬಿಟ್ಟರೆ ಕುಗ್ಗಿ ಕುತ್ತಿಗೆಗೆ ಅಂಟಿಕೊಳ್ಳುತ್ತದೆ, ಎಳೆದರೆ ತಲೆ ದಾಟುವಷ್ಟು ಹಿಗ್ಗುತ್ತದೆ, ಏರಿಳಿತ ಇರುವುದರಿಂದ ಗಾಳಿಯನ್ನೂ ಚೆನ್ನಾಗಿ ಹಿಡಿದಿಡುತ್ತದೆ. 24 ಸೆಂಟಿಮೀಟರ್ ಎತ್ತರ ಆದ ಮೇಲೆ ಕುಣಿಕೆ ಮುಚ್ಚಿ, ಎರಡು ಅಂಚು ಸೇರಿಸಿ ಅದೇ ದಾರದಲ್ಲಿ ಹೊಲಿಯಿರಿ. ಅಂಚಿನ ಒಂದೊಂದು ಕುಣಿಕೆ ಹೊಲಿಗೆಯೊಳಗೆ ಹೋಗುತ್ತದೆ, ವರಸೆ ಕೂಡಿಕೊಳ್ಳುತ್ತದೆ. ಮಧ್ಯೆ ವೈರ್ ಇರುವ ಜೋಡಿ ಕಡ್ಡಿ ಇದ್ದರೆ 132 ಹಾಕಿಕೊಂಡು ಸುತ್ತಲೂ ಹೆಣೆಯಿರಿ, ಹೊಲಿಗೆಯೇ ಬೇಡ. ನೂರು ಗ್ರಾಂ ದಾರ ಸಾಕು.

ಕುಣಿಕೆ ಮುಚ್ಚುವಾಗ ಮಾತ್ರ ಬಿಗಿ ಮಾಡಬೇಡಿ. ಮುಚ್ಚಿದ ಅಂಚು ಬಿಗಿಯಾದರೆ ಪಟ್ಟಿ ಎಷ್ಟು ಹಿಗ್ಗಿದರೂ ತಲೆ ದಾಟುವುದಿಲ್ಲ. ನಿಮ್ಮ ಹತ್ತಿರ ಇರುವ ಆ ಆರನೇ ನಂಬರ್ ಕಡ್ಡಿ ಇಲ್ಲಿಗೆ ಸರಿಯಾಗುತ್ತದೆ. ಕೊನೆಯ ಸಾಲನ್ನು ಅದರಲ್ಲಿ ಮುಚ್ಚಿ, ಅಂಚು ತಾನಾಗಿ ಸಡಿಲ ಬರುತ್ತದೆ.

ಮಫ್ಲರ್ ಮನೆಯಲ್ಲಿ ಹಾಕಿಕೊಳ್ಳಲಿ. ಅದನ್ನು ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಮಾಡಿ ಹೆಣೆದಿದ್ದರೆ ಅಂಚು ಎರಡೂ ಕಡೆ ಚಾಪೆಯ ಹಾಗೆ ಸುತ್ತಿಕೊಂಡಿರುತ್ತದೆ, ಅಲ್ವಾ? ನಮ್ಮ ತಂದೆಗೆ ನಾನು ಹೆಣೆದ ಮೊದಲ ಮಫ್ಲರ್ ಹಾಗೇ ಹಗ್ಗವಾಗಿ ಹೋಯಿತು. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಅಂತ ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಅದು ಅಕ್ರಿಲಿಕ್ ದಾರ, ಒತ್ತಿದ ಜಾಗವೆಲ್ಲ ಜೀವ ಹೋದ ಹಾಗೆ ಜೋತುಬಿತ್ತು, ಆಮೇಲೆ ಏನು ಮಾಡಿದರೂ ಮೊದಲಿನ ಹಾಗಾಗಲಿಲ್ಲ. ಅಪ್ಪ ಅದನ್ನೇ ಆ ಚಳಿ ಮುಗಿಯುವ ತನಕ ಸುತ್ತಿಕೊಂಡರು. ಮಫ್ಲರಿಗೆ ಎಲ್ಲ ಸಾಲನ್ನೂ ಸೀದಾ ಹೆಣೆಯಿರಿ. ಚಪ್ಪಟೆಯಾಗಿ ನಿಲ್ಲುತ್ತದೆ, ಮೆತ್ತಗೆ ದಪ್ಪಗೆ ಬರುತ್ತದೆ. ಜಾಲಿ ಜಾಲಿ ಡಿಸೈನ್ ನೋಡೋಕೆ ಚೆಂದ, ಗಾಳಿಗೆ ಆಗುವುದಿಲ್ಲ.

ಅಂಗಡಿಯವರು ಉಲ್ಲನ್ ಅಂತ ಕೊಡುವುದೆಲ್ಲ ಕುರಿಯ ಉಣ್ಣೆಯಲ್ಲ. ಲೇಬಲ್ ಓದಿ, ನಮ್ಮ ಪೇಟೆಗಳಲ್ಲಿ ಜಾಸ್ತಿ ಸಿಗುವುದು ಅಕ್ರಿಲಿಕ್ಕೇ, ಪೆಟ್ರೋಲಿಯಂ ಮೂಲದಿಂದ ಮಾಡಿದ ನೂಲು. ಲೇಬಲ್ ಇಲ್ಲದಿದ್ದರೆ ಒಂದು ಗೇಣು ದಾರ ಕತ್ತರಿಸಿ, ಸ್ಟೀಲ್ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ಬೇಗ ಆರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕಪ್ಪಗೆ ಗಟ್ಟಿ ಮಣಿಯಾಗುತ್ತದೆ, ಅದನ್ನು ಆರುವ ತನಕ ಮುಟ್ಟಬೇಡಿ. ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬೆಲೆ ಕಡಿಮೆ, ನುಸಿ ತಿನ್ನುವುದಿಲ್ಲ, ದಿನಾ ಒಗೆದರೂ ತಡೆಯುತ್ತದೆ, ಹಾಲು ಸಗಣಿ ಅಂತ ಓಡಾಡುವವರಿಗೆ ಅದೇ ಒಳ್ಳೆಯದು. ಆದರೆ ಸೌದೆ ಒಲೆಯ ಮುಂದೆ ಕೂತು ಚಳಿ ಕಾಯಿಸುವಾಗ ತೆಗೆದಿಡಿ. ಕಿಡಿ ಹಾರಿದರೆ ತೂತಾಗುತ್ತದೆ, ಕರಗಿ ಚರ್ಮಕ್ಕೂ ಅಂಟಬಹುದು. ಉಣ್ಣೆಗೆ ಬೇರೆ ಗುಣ ಇದೆ. ತನ್ನ ತೂಕದ ಮೂರರಲ್ಲಿ ಒಂದು ಭಾಗದ ಹತ್ತಿರಕ್ಕೆ ತೇವ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ, ಮಂಜಿನ ಬೆಳಗಿಗೆ ಅದು ಹೇಳಿ ಮಾಡಿಸಿದ್ದು. ಬಿಸಿನೀರಲ್ಲಿ ಹಾಕಿ ಕುಕ್ಕಿ ಒಗೆದರೆ ಮಾತ್ರ ಕುಗ್ಗಿ ದೊಡ್ಡವರ ಟೋಪಿ ಮಗುವಿನ ಕುಲಾವಿಯಾಗುತ್ತದೆ. ತಣ್ಣೀರು, ಮೆತ್ತನೆ ಸೋಪು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸುವುದು.

ಕುಲಾವಿ ಅಂದಾಗ ನೆನಪಾಯಿತು, ಮನೆಯಲ್ಲಿ ಕೂಸು ಇದ್ದರೆ ಉಳಿದ ದಾರದಲ್ಲಿ ಅದಕ್ಕೊಂದು ಹೆಣೆಯುವ ಆಸೆ ಬಂದೇ ಬರುತ್ತದೆ. ಹೆಣೆಯಿರಿ. ಕುತ್ತಿಗೆಗೆ ಕಟ್ಟುವ ದಾರ, ಗುಂಡಿ, ಮಣಿ ಹಾಕಬೇಡಿ. ಮಲಗಿಸುವಾಗ ತೆಗೆದುಬಿಡಿ, ಮುಖದ ಮೇಲೆ ಜಾರಬಹುದು, ಸೆಕೆಯೂ ಜಾಸ್ತಿಯಾಗಬಹುದು. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಡಾಕ್ಟರ್ ಹೇಳಿದ ಹಾಗೆ ಮಾಡಿ.

ಹೆಣೆದ ಟೋಪಿಯನ್ನು ಬಿಚ್ಚಲು ಮನಸ್ಸು ಬರದಿದ್ದರೆ ಒಳಗೆ ಬಟ್ಟೆ ಕೊಡಿ. ಹಳೇ ಟೀ ಶರ್ಟು ಅಥವಾ ಬನಿಯನ್ ಬಟ್ಟೆಯೇ ಆಗಬೇಕು, ಅದು ಟೋಪಿಯ ಜೊತೆ ಹಿಗ್ಗುತ್ತದೆ. ಹಳೇ ಕಾಟನ್ ಸೀರೆ ಮೆತ್ತಗಿದೆ ಅಂತ ಅದನ್ನು ಕೊಟ್ಟರೆ, ಸೀರೆ ಹಿಗ್ಗುವುದಿಲ್ಲ, ಟೋಪಿ ತಲೆಗೇ ಇಳಿಯುವುದಿಲ್ಲ. ಕಿವಿ ಮುಚ್ಚುವ ಭಾಗಕ್ಕೆ ಎರಡು ಪದರ ಹಾಕಿ.

ಬಿಚ್ಚುವ ಧೈರ್ಯ ಇದ್ದರೆ ಅದೇ ದಾರದಲ್ಲಿ ಕುತ್ತಿಗೆ ಪಟ್ಟಿ ಆಗುತ್ತದೆ, ಮಫ್ಲರಿನ ತುದಿಯಿಂದ ಸ್ವಲ್ಪ ಸೇರಿಸಿಕೊಂಡರೆ ಖಂಡಿತ ಸಾಲುತ್ತದೆ. ಮುಚ್ಚಿದ ತುದಿ ಹುಡುಕಿ, ಗಂಟು ಬಿಡಿಸಿ, ನಿಧಾನಕ್ಕೆ ಎಳೆಯುತ್ತಾ ಕುರ್ಚಿಯ ಬೆನ್ನಿಗೆ ಸುತ್ತಿಕೊಳ್ಳಿ. ದಾರ ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ, ಹಾಗೇ ಹೆಣೆದರೆ ಕುಣಿಕೆ ಏರುಪೇರಾಗುತ್ತದೆ. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚನೆ ನೀರಲ್ಲಿ ಅದ್ದಿ, ಒತ್ತಿ ನೀರು ತೆಗೆದು, ಕೆಳಗೆ ಒಂದು ಸಣ್ಣ ಚೊಂಬು ನೇತುಹಾಕಿ ನೆರಳಲ್ಲಿ ಬಿಡಿ. ಈ ಚಳಿಯಲ್ಲಿ ಒಣಗಲು ಎರಡು ದಿನ ಬೇಕು. ಅಷ್ಟರಲ್ಲಿ ಪೇಟೆಗೆ ಹೋದವರ ಕೈಯಲ್ಲಿ ಒಂಬತ್ತನೇ ನಂಬರ್ ಕಡ್ಡಿ ತರಿಸಿಕೊಳ್ಳಿ.